ಅಳಿಸಿದ ಕಡತ, ಉಳಿದ ಅಕ್ಷರ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಶಾಸನ ಹುಡುಕಿ ಹೊರಟವರಿಗೆ ದಾರಿ ತೋರುವುದು ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟ. 1905ರಲ್ಲಿ ಅದು ಪ್ರಕಟವಾದಾಗ ಈ ತಾಲ್ಲೂಕುಗಳೆಲ್ಲ ಕೋಲಾರ ಜಿಲ್ಲೆಯಲ್ಲಿದ್ದವು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಯಾವ ಊರಿನಲ್ಲಿ ಯಾವ ಕಲ್ಲಿದೆ ಎಂಬುದನ್ನು ಸಂಪುಟ ತಾಲ್ಲೂಕುವಾರು ಅಂಕಿ ಹಾಕಿ ಹೇಳುತ್ತದೆ. ಆ ಪುಸ್ತಕವೇ ಇಲ್ಲವಾದರೆ? ಕಲ್ಲುಗಳೇನೂ ಮಾಯವಾಗುವುದಿಲ್ಲ. ಅವು ಎಲ್ಲಿವೆ ಎಂಬುದು ಮಾತ್ರ ಮರೆತುಹೋಗುತ್ತದೆ.

ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ‘ಫಾರ್ಮ್ಯಾಟ್’ ಮಾಡಿದಾಗ ಆಗುವುದೂ ಬಹುಮಟ್ಟಿಗೆ ಇದೇ. 1956ರಲ್ಲಿ ಐಬಿಎಂ ಕಂಪನಿ ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ 50 ತಟ್ಟೆಗಳಿದ್ದವು. ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರ. ಡಿಸ್ಕ್ ದೊಡ್ಡದಾದಂತೆ ಯಾವ ಕಡತ ಎಲ್ಲಿದೆ ಎಂದು ಹೇಳುವ ಪಟ್ಟಿ ಅನಿವಾರ್ಯವಾಯಿತು. 1977ರಲ್ಲಿ ಮೈಕ್ರೋಸಾಫ್ಟ್ ರೂಪಿಸಿದ ‘ಫ್ಯಾಟ್’ ಅಂಥದೊಂದು ಪಟ್ಟಿ. ಕಡತವನ್ನು ಅಳಿಸೆಂದರೆ ಡಾಸ್ ಅದರ ಹೆಸರಿನ ಮೊದಲಕ್ಷರವನ್ನು ತಿದ್ದಿ, ಆ ಜಾಗ ಖಾಲಿಯೆಂದು ಗುರುತು ಹಾಕುತ್ತಿತ್ತು, ಅಷ್ಟೇ. ಬರೆದದ್ದು ಅಲ್ಲಿಯೇ ಇರುತ್ತಿತ್ತು.

ಈ ಗುಟ್ಟನ್ನು ಬಳಸಿಕೊಂಡೇ ಪೀಟರ್ ನಾರ್ಟನ್ 1982ರಲ್ಲಿ ಅಳಿಸಿದ ಕಡತ ಮರಳಿಸುವ ತಂತ್ರಾಂಶ ಹೊರತಂದರು. 1991ರ ಡಾಸ್ 5ರಲ್ಲಿ ‘ಅನ್‌ಡಿಲೀಟ್’, ‘ಅನ್‌ಫಾರ್ಮ್ಯಾಟ್’ ಎಂಬ ಆದೇಶಗಳೇ ಸೇರಿದವು.

ಆದರೆ ಇದಕ್ಕೂ ಮಿತಿಯುಂಟು. ಹಳೆಯ ಕಲ್ಲಿನ ಮೇಲೆ ಹೊಸದಾಗಿ ಉಳಿ ಆಡಿಸಿದರೆ ಮೊದಲಿನ ಬರಹ ಸಿಕ್ಕೀತೇ? ಡಿಸ್ಕಿನಲ್ಲೂ ಅದೇ ಜಾಗದಲ್ಲಿ ಮತ್ತೊಂದು ಬರೆದರೆ ಹಿಂದಿನದು ಹೋದಂತೆಯೇ. 2007ರಲ್ಲಿ ಬಂದ ವಿಂಡೋಸ್ ವಿಸ್ತಾದಿಂದೀಚೆಗೆ ‘ಪೂರ್ಣ’ ಫಾರ್ಮ್ಯಾಟ್ ಡಿಸ್ಕಿನುದ್ದಕ್ಕೂ ಸೊನ್ನೆ ಬರೆಯುತ್ತದೆ. ‘ಕ್ವಿಕ್’ ಫಾರ್ಮ್ಯಾಟ್ ಹಾಗೆ ಮಾಡುವುದಿಲ್ಲ. ಈಗಿನ ಎಸ್‌ಎಸ್‌ಡಿಗಳಂತೂ ಖಾಲಿಯೆಂದ ಜಾಗವನ್ನು ತಾವಾಗಿಯೇ ಒರೆಸಿಬಿಡಬಲ್ಲವು. ಆದ್ದರಿಂದ ಕಡತ ಹೋಯಿತೆಂದು ತಿಳಿದ ಕೂಡಲೇ ಆ ಡಿಸ್ಕಿಗೆ ಏನನ್ನೂ ಬರೆಯದಿರುವುದೇ ಮೊದಲ ಚಿಕಿತ್ಸೆ.

ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಡಿಟಿಪಿ ಅಂಗಡಿಗಳ ಆ ಕಾಲದಲ್ಲಿ ಊರಿನ ಚರಿತ್ರೆ, ಸ್ಮರಣ ಸಂಚಿಕೆ, ವಂಶವೃಕ್ಷಗಳನ್ನು ಟೈಪು ಮಾಡಿದ್ದು ಇಂಗ್ಲಿಷ್ ಸಂಕೇತಗಳಿಗೆ ಕನ್ನಡದ ಆಕಾರ ತೊಡಿಸಿದ ಫಾಂಟುಗಳಲ್ಲಿ. ಕಡತ ಮರಳಿ ಸಿಕ್ಕರೂ ಆ ಫಾಂಟು ಇಲ್ಲದಿದ್ದರೆ ಕಾಣುವುದು ಇಂಗ್ಲಿಷಿನ ಕಲಸುಮೇಲೋಗರ. ಹಳಗನ್ನಡ ಲಿಪಿ ಬಾರದವನ ಮುಂದೆ ಶಾಸನವಿಟ್ಟಂತೆ! ಯೂನಿಕೋಡ್‌ನಲ್ಲಿ 1991ರಲ್ಲೇ ಕನ್ನಡಕ್ಕೆ ಸ್ಥಾನವಿತ್ತು, ಬಳಕೆಗೆ ಬಂದದ್ದು ತಡವಾಗಿ. ಹಳೆಯ ಕಡತಗಳನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದಿಡುವುದು ಲೇಸು.

ಬೆಂಗಳೂರಿನ ಸುತ್ತ ರೈಸ್ ದಾಖಲಿಸಿದ ಕೆಲವು ಕಲ್ಲುಗಳು ನಗರ ಬೆಳೆದಂತೆ ಕಾಣೆಯಾದವು. ಪಾಠ ಮಾತ್ರ ಪುಸ್ತಕದಲ್ಲಿದೆ. ಉಳಿದವುಗಳನ್ನು ಮಿಥಿಕ್ ಸೊಸೈಟಿ 2021ರಿಂದ ಮೂರು ಆಯಾಮದ ಡಿಜಿಟಲ್ ಪ್ರತಿಗಳಾಗಿ ಕಾಪಿಡುತ್ತಿದೆ. ಕಲ್ಲಿನ ಬರಹವೇ ಡಿಸ್ಕಿಗೆ ಬಂದಿರುವಾಗ ನಮ್ಮ ಮನೆಯ ಕಡತಕ್ಕೂ ಬೇರೆಡೆ ಒಂದು ಪ್ರತಿ ಇರಲಿ. ಕಳೆದದ್ದನ್ನು ಹುಡುಕುವುದಕ್ಕಿಂತ ಅದು ಸುಲಭ.