ಬುಕ್ ಮಾಡಿ ಬೇಡವೆಂದವರು

ಕಾರು ಕೊಂಡವರ ಚರಿತ್ರೆಯನ್ನು ಕಂಪನಿಗಳೇ ಬರೆಸಿಕೊಳ್ಳುತ್ತವೆ. ಮುಂಗಡ ಕೊಟ್ಟು, ಬಣ್ಣ ಆರಿಸಿ, ಆಮೇಲೆ ಬೇಡವೆಂದು ಹಿಂದೆ ಸರಿದವರ ಲೆಕ್ಕ ಇಡುವವರು ಯಾರೂ ಇಲ್ಲ. ಇದ್ದರೆ ಬ್ಯಾಂಕಿನ ಸಾಲದ ಮೇಜಿನಲ್ಲಿ ಇರುತ್ತದೆ. ಮಂಜೂರಾದ ಸಾಲವನ್ನು ಎತ್ತದೆ ಬಿಟ್ಟವರ ಅರ್ಜಿಗಳನ್ನು ನಾವು ಬೇರೆ ಫೈಲಿನಲ್ಲಿ ಕಟ್ಟಿಡುತ್ತಿದ್ದೆವು. ದಕ್ಷಿಣ ಬೆಂಗಳೂರಿನ ಶಾಖೆಯೊಂದರಲ್ಲಿ ಬಹುಕಾಲ ವಾಹನ ಸಾಲದ ಕೆಲಸ ನೋಡಿಕೊಂಡ ನನಗೆ ರೇವಾ ಎಂಬ ಪುಟ್ಟ ಎಲೆಕ್ಟ್ರಿಕ್ ಕಾರಿನ ಕಥೆ ಗೊತ್ತಾದದ್ದು ಹೆಚ್ಚಾಗಿ ಆ ಫೈಲಿನಿಂದಲೇ.

ಹಿಂದೆ ಸರಿಯುವುದು ನಮ್ಮಲ್ಲಿ ತೀರ ಈಚಿನ ರೂಢಿ. ಎಂಬತ್ತರ ದಶಕದ ಆರಂಭದಲ್ಲಿ ನಾನು ಕೆಲಸಕ್ಕೆ ಸೇರಿದಾಗ ಬಜಾಜ್ ಚೇತಕ್‌ಗೆ ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯುತ್ತಿದ್ದರು. ಅಲಾಟ್‌ಮೆಂಟ್ ಪತ್ರ ಕೈಗೆ ಬರುವ ಹೊತ್ತಿಗೆ ಸ್ಕೂಟರಿನ ಅಗತ್ಯವೇ ತೀರಿರಬಹುದು, ಆದರೂ ಯಾರೂ ಬೇಡ ಅನ್ನುತ್ತಿರಲಿಲ್ಲ. ಬಿಡಿಸಿಕೊಂಡು, ಮೇಲೊಂದಿಷ್ಟು ಪ್ರೀಮಿಯಂ ಇಟ್ಟು ಮಾರುತ್ತಿದ್ದರು. ಕಾರಿನಲ್ಲಿ ಅಂಬಾಸಿಡರ್, ಪದ್ಮಿನಿ ಬಿಟ್ಟರೆ ಬೇರೆ ಮಾತಿರಲಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಅದಕ್ಕೂ ಸರದಿ. ಮೊದಲ ಸಲ ಗಿರಾಕಿ ಕಾಲ ಮೇಲೆ ಕಾಲು ಹಾಕಿ ಕೂತದ್ದು 1998ರಲ್ಲಿ. ಸ್ಯಾಂಟ್ರೋ, ಮಾಟಿಜ್, ಇಂಡಿಕಾ ಮೂರೂ ಒಂದೇ ವರ್ಷ ಬಂದವು. ಮೂರರ ಕೊಟೇಶನ್ನೂ ತಂದು ನನ್ನ ಮೇಜಿನ ಮೇಲೆ ಹರಡಿ ‘ಯಾವುದು ತಗೊಳ್ಳಲಿ ಸಾರ್?’ ಎಂದು ಕೇಳುವ ಜನ ಆಗ ಹುಟ್ಟಿಕೊಂಡರು. ಬೇಡ ಅನ್ನಬಹುದು ಎಂಬ ರುಚಿ ಹತ್ತಿ ಮೂರು ವರ್ಷ ಆಗುವಷ್ಟರಲ್ಲಿ, 2001ರಲ್ಲಿ, ರೇವಾ ಬಂತು. ಕಾಯುವ ಕಾಲದಲ್ಲಿ ಬಂದಿದ್ದರೆ ಅದಕ್ಕೂ ಸರದಿ ಹಚ್ಚುತ್ತಿದ್ದರೇನೋ.

ದೇಶದಲ್ಲಿ ಅದೇ ಮೊದಲನೆಯದಲ್ಲ. ಕೇರಳದ ಚಾಲಕುಡಿಯ ಕಂಪನಿಯೊಂದು 1993ರಲ್ಲೇ ಲವ್‌ಬರ್ಡ್ ಎಂಬ ಎರಡು ಸೀಟಿನ ವಿದ್ಯುತ್ ಕಾರನ್ನು ದೆಹಲಿಯ ಆಟೋ ಎಕ್ಸ್‌ಪೋದಲ್ಲಿ ತೋರಿಸಿತ್ತು. ಅದು ಹೆಚ್ಚು ದೂರ ಓಡಲಿಲ್ಲ. ರೇವಾ ಮಾತ್ರ ನಮ್ಮೂರಿನದೇ. ಬೆಂಗಳೂರಿನ ಮೈನಿ ಸಮೂಹವೂ ಅಮೆರಿಕದ ಕ್ಯಾಲಿಫೋರ್ನಿಯಾದ ಅಮೆರಿಗಾನ್ ಕಂಪನಿಯೂ ಸೇರಿ 1994ರಲ್ಲಿ ಶುರುಮಾಡಿದ ಕೆಲಸ. ಅದರ ಹಿಂದಿದ್ದ ಚೇತನ್ ಮೈನಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಸೂರ್ಯನ ಶಕ್ತಿಯಿಂದ ಓಡುವ ಸ್ಪರ್ಧೆಯ ಕಾರು ಕಟ್ಟಿದ ತಂಡದಲ್ಲಿದ್ದವರು. ತಯಾರಾಗುತ್ತಿದ್ದದ್ದು ಬೊಮ್ಮಸಂದ್ರದಲ್ಲಿ. ಶಿವನಸಮುದ್ರದ ಕರೆಂಟು 1905ರಲ್ಲೇ ಬೆಂಗಳೂರಿನ ಬೀದಿದೀಪ ಹೊತ್ತಿಸಿತ್ತು. ಅದೇ ಕರೆಂಟಿನಿಂದ ಕಾರು ಓಡಿಸಿ ಅಂದಾಗ ಮಾತ್ರ ಊರು ಯೋಚನೆಗೆ ಬಿತ್ತು.

ಕಾರು ನೋಡಲು ಆಟಿಕೆಯ ಹಾಗೆ ಮುದ್ದಾಗಿತ್ತು. ಎರಡೂ ಮುಕ್ಕಾಲು ಮೀಟರಿಗೂ ಕಡಿಮೆ ಉದ್ದ, ಹೆಚ್ಚುಕಡಿಮೆ ಆಟೋರಿಕ್ಷಾದಷ್ಟೇ. ಎರಡೇ ಬಾಗಿಲು. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಪ್ಲಾಸ್ಟಿಕ್ ಮೈ, ಸಣ್ಣಪುಟ್ಟ ತಾಗಿದರೆ ಡೊಂಕಾಗುವುದಿಲ್ಲ. ಕ್ಲಚ್ಚಿಲ್ಲ, ಗೇರಿಲ್ಲ. ಮುಂದಿನ ಸೀಟುಗಳ ಕೆಳಗೆ ಆರು ವೋಲ್ಟಿನ ಎಂಟು ಲೆಡ್ ಆಸಿಡ್ ಬ್ಯಾಟರಿ. ಮನೆಯ 15 ಆಂಪ್ ಸಾಕೆಟ್ಟಿಗೆ ಚುಚ್ಚಿದರೆ ಎಂಟು ಗಂಟೆಯಲ್ಲಿ ಪೂರ್ತಿ ಚಾರ್ಜು, ಒಮ್ಮೆ ತುಂಬಿದರೆ 80 ಕಿಲೋಮೀಟರ್. ಬೆಲೆ ಎರಡೂವರೆ ಲಕ್ಷದ ಆಸುಪಾಸು. ಅಷ್ಟೇ ದುಡ್ಡಿಗೆ ಮಾರುತಿ 800 ಸಿಗುತ್ತಿತ್ತು ಎಂಬುದನ್ನು ಮರೆಯಬಾರದು.

ಒಂದು ಮನೆಯ ಕಥೆ ಹೇಳುತ್ತೇನೆ, ಹೆಸರು ಬೇಡ. ಗಂಡ ಕಾಲೇಜಿನಲ್ಲಿ ಲೆಕ್ಚರರ್, ಹೆಂಡತಿ ಜೀವವಿಮೆ ಕಚೇರಿಯಲ್ಲಿ ಗುಮಾಸ್ತೆ. ಕಾರು ಬೇಕಾದದ್ದು ಹೆಂಡತಿಗೆ. ತ್ಯಾಗರಾಜನಗರದಿಂದ ಜೆ.ಸಿ. ರಸ್ತೆಗೆ ಹೋಗಿಬರಲು. ಟೆಸ್ಟ್ ಡ್ರೈವ್ ಮಾಡಿ ಬಂದ ದಿನ ಆಕೆ ನನ್ನ ಮುಂದೆ ಕೂತು ‘ಸಿಗ್ನಲ್ಲಲ್ಲಿ ಕ್ಲಚ್ ತುಳಿಯೋ ಗೋಳೇ ಇಲ್ಲ ಸಾರ್’ ಎಂದು ಹಿಗ್ಗಿದ್ದರು. ಸಾಲ ಕೊಡುವ ಮೊದಲು ಮನೆ ನೋಡಿಬರುವುದು ನಮ್ಮ ಕ್ರಮ, ಹೋದೆ. ಮೂವತ್ತು-ನಲವತ್ತರ ಸೈಟು, ನೆಲಮಹಡಿಯಲ್ಲಿ ಬಾಡಿಗೆಗೆ ಇವರು, ಮೇಲೆ ಮಾಲೀಕರು. ಕಾರು ನಿಲ್ಲಿಸಲು ಒಳಗೆ ಜಾಗವಿಲ್ಲ, ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ನಿಲ್ಲಬೇಕು. ಲೆಕ್ಚರರ್ ಸಾಹೇಬರು ಬಟ್ಟೆ ಒಣಗಿಸುವ ನೈಲಾನ್ ಹಗ್ಗ ಬಿಚ್ಚಿ ಮೀಟರ್ ಬೋರ್ಡಿನಿಂದ ಗೇಟಿನವರೆಗೆ ಎಳೆದು ಅಳತೆ ಹಿಡಿಯುತ್ತಿದ್ದರು. ವೈರು ಕಿಟಕಿಯಿಂದ ಇಳಿದು, ತುಳಸಿಕಟ್ಟೆ ಬಳಸಿ, ಕಾಂಪೌಂಡ್ ಹಾರಿ, ಫುಟ್‌ಪಾತ್ ದಾಟಬೇಕು. ಅವರ ತಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ನನ್ನನ್ನೇ ಕೇಳಿದರು: ‘ರಾತ್ರಿಯೆಲ್ಲ ವೈರು ಬೀದೀಲಿ ಬಿದ್ದಿರುತ್ತಲ್ಲಪ್ಪಾ, ಮಳೆ ಬಂದ್ರೆ? ದನ ತುಳಿದ್ರೆ?’ ನಾನು ಏನು ಹೇಳಲಿ, ಸಾಲದ ಅರ್ಜಿಯಲ್ಲಿ ದನದ ಕಾಲಂ ಇರಲಿಲ್ಲ. ಮೇಲಿನ ಮನೆಯ ಮಾಲೀಕರು ಇಳಿದು ಬಂದು, ಗೀಸರ್ ಹಾಕಿದರೇ ಫ್ಯೂಸ್ ಹೋಗುತ್ತದೆ, ಇನ್ನು ಕಾರು ಬೇರೆಯೇ ಅಂದರು.

ಇದಕ್ಕೆಲ್ಲ ಉಪಾಯವಿತ್ತು. ಹೆಂಡತಿಯ ಕಚೇರಿಯಲ್ಲಿ ಹಗಲು ಚಾರ್ಜ್ ಮಾಡಿಕೊಳ್ಳಲು ಮೇಲಧಿಕಾರಿ ಒಪ್ಪಿದ್ದರು. ಆದರೂ ಕಾರು ತಪ್ಪಿಹೋದದ್ದು ಮಂಡ್ಯದ ಆಚೆಯ ಹಳ್ಳಿಯಿಂದ ಮಾವ ಬಂದು ಹೋದ ಮೇಲೆ. ‘ಹಬ್ಬಕ್ಕೆ ಊರಿಗೆ ಬರಕ್ಕಾಗ್ದಿರೋ ಕಾರು ಯಾತಕ್ಕಮ್ಮಾ?’ ಎಂದರಂತೆ. ಮಂಡ್ಯಕ್ಕೆ ನೂರು ಕಿಲೋಮೀಟರ್. ಎಂಬತ್ತಕ್ಕೆ ನಿಲ್ಲುವ ಕಾರು ಚನ್ನಪಟ್ಟಣ ದಾಟಿ ಎಲ್ಲೋ ಕೂತುಬಿಡುತ್ತದೆ. ಅಲ್ಲದೆ ಹಿಂದಿನ ಸೀಟಿನಲ್ಲಿ ಮಕ್ಕಳು ಮಾತ್ರ ಅಂದರೆ ಅತ್ತೆಯವರನ್ನು ಕೂರಿಸುವುದೆಲ್ಲಿ? ಮುಂಗಡ ವಾಪಸು ಪಡೆದು ಮಾರುತಿ ಕೊಂಡರು, ಸಾಲವನ್ನು ನಾನೇ ಕೊಟ್ಟೆ. ಆ ಕಾರು ಊರಿಗೆ ಹೋಗುತ್ತಿದ್ದದ್ದು ವರ್ಷಕ್ಕೆ ಎರಡು ಸಲ, ಯುಗಾದಿಗೆ ಮತ್ತು ಮಾರಮ್ಮನ ಹಬ್ಬಕ್ಕೆ. ಉಳಿದ ದಿನವೆಲ್ಲ ತ್ಯಾಗರಾಜನಗರ, ಜೆ.ಸಿ. ರಸ್ತೆ.

ಆ ಫೈಲನ್ನು ತಿರುವಿದಷ್ಟೂ ನನಗೆ ಕಂಡದ್ದು ಇದೇ. ನಮ್ಮ ಜನ ಕಾರು ಕೊಳ್ಳುವುದು ದಿನಾ ಹೋಗುವ ದಾರಿಗಲ್ಲ, ಅಪರೂಪಕ್ಕೆ ಹೋಗುವ ದಾರಿಗೆ. ಮನೆದೇವರು, ಧರ್ಮಸ್ಥಳ, ತಿರುಪತಿ, ನೆಂಟರ ಮದುವೆ. ಗುಂಟೆ ಲೆಕ್ಕದಲ್ಲಿ ಕಾಫಿ ತೋಟ ಇಟ್ಟುಕೊಂಡವರೂ ಸಕಲೇಶಪುರದ ಘಾಟಿ ಹತ್ತುತ್ತದೆಯೇ ಎಂದೇ ಮೊದಲು ಕೇಳುತ್ತಿದ್ದರು. ದಿನಕ್ಕೆ ಇಪ್ಪತ್ತು ಕಿಲೋಮೀಟರ್ ಓಡಿಸುವವನಿಗೆ ಎಂಬತ್ತು ಧಾರಾಳವಾಯಿತು ಎಂಬ ಕಂಪನಿಯ ಗಣಿತದಲ್ಲಿ ದೋಷವಿರಲಿಲ್ಲ. ಅದು ಬೇರೆ ಮನುಷ್ಯನ ಗಣಿತವಾಗಿತ್ತು, ಅಷ್ಟೇ.

ಆ ಬೇರೆ ಮನುಷ್ಯ ಲಂಡನ್ನಿನಲ್ಲಿ ಸಿಕ್ಕಿದ. 2003ರ ಫೆಬ್ರವರಿಯಿಂದ ಅಲ್ಲಿ ಊರ ನಡುವೆ ಕಾರು ತಂದವರು ದಿನಕ್ಕೆ 5 ಪೌಂಡ್ ಸುಂಕ ಕಟ್ಟಬೇಕಾಯಿತು, ವಿದ್ಯುತ್ ವಾಹನಕ್ಕೆ ವಿನಾಯಿತಿ ಇತ್ತು. ಮರುವರ್ಷವೇ ನಮ್ಮ ರೇವಾ ‘ಜಿ-ವಿಜ್’ ಎಂಬ ಹೆಸರಲ್ಲಿ ಅಲ್ಲಿ ಮಾರಾಟಕ್ಕೆ ಹೋಯಿತು. ಅಲ್ಲಿನವರು ಅದನ್ನು ಮನೆಯ ಎರಡನೆಯ ಗಾಡಿಯಾಗಿ ಕೊಂಡರು. ದೂರದೂರಿಗೆ ರೈಲಿತ್ತು, ದೊಡ್ಡ ಕಾರೂ ಇತ್ತು. ಬೊಮ್ಮಸಂದ್ರದಲ್ಲಿ ತಯಾರಾದದ್ದಕ್ಕೆ ಬಸವನಗುಡಿಗಿಂತ ವೆಸ್ಟ್‌ಮಿನ್‌ಸ್ಟರ್ ಚೆನ್ನಾಗಿ ಒಗ್ಗಿತು. ಬ್ರಿಟನ್ನಿನ ಕಾನೂನಿನಲ್ಲಿ ಅದು ಕಾರೇ ಅಲ್ಲ, ಕ್ವಾಡ್ರಿಸೈಕಲ್ ಎಂಬ ವರ್ಗದ್ದು. ಹಾಗಾಗಿ ಕಾರಿಗಿರುವ ಢಿಕ್ಕಿ ಪರೀಕ್ಷೆ ಅದಕ್ಕೆ ಅನ್ವಯಿಸುತ್ತಿರಲಿಲ್ಲ. 2007ರಲ್ಲಿ ಟಾಪ್ ಗೇರ್ ಪತ್ರಿಕೆ ತಾನೇ ಢಿಕ್ಕಿ ಹೊಡೆಸಿ ನೋಡಿ, ಸುರಕ್ಷತೆ ಸಾಲದು ಎಂದು ಬರೆಯಿತು. ಆ ಸುದ್ದಿ ಇಲ್ಲಿಗೂ ಬಂತು. ಅಲ್ಲಿಯವರೆಗೆ ಬೆಲೆ ಬಗ್ಗೆ ಚೌಕಾಸಿ ಮಾಡುತ್ತಿದ್ದವರು ಆಮೇಲೆ ಪೇಪರಿನ ತುಂಡು ಕತ್ತರಿಸಿಕೊಂಡು ಬರತೊಡಗಿದರು. ಹೆಲ್ಮೆಟ್ ಇಲ್ಲದೆ ಸ್ಕೂಟರಿನಲ್ಲಿ ಬಂದು ಸುರಕ್ಷತೆ ವಿಚಾರಿಸುವವರನ್ನೂ ನೋಡಿದ್ದೇನೆ.

ಇನ್ನು ಬ್ಯಾಟರಿ. ಇದರಲ್ಲಿ ಗಿರಾಕಿ ನಮಗಿಂತ ಜಾಣನಾಗಿದ್ದ. ಲೋಡ್ ಶೆಡ್ಡಿಂಗಿನ ದೆಸೆಯಿಂದ ಆ ಕಾಲಕ್ಕೆ ಬೆಂಗಳೂರಿನ ಮಧ್ಯಮವರ್ಗದ ಮನೆಗಳಿಗೆ ಯುಪಿಎಸ್ ಬಂದಿತ್ತು. ಮೆಟ್ಟಿಲ ಕೆಳಗಿನ ಆ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವುದು, ಟರ್ಮಿನಲ್ಲಿಗೆ ಕಟ್ಟಿದ ಹಸಿರು ಪುಡಿ ಕೆರೆಯುವುದು, ಮೂರು ವರ್ಷಕ್ಕೊಮ್ಮೆ ಹಳೆಯದನ್ನು ಕೊಟ್ಟು ಹೊಸದು ತರುವುದು ಎಲ್ಲರಿಗೂ ಅಭ್ಯಾಸವಾಗಿತ್ತು. ಅಂಥವನ ಮುಂದೆ ‘ಕಾರಿನಲ್ಲಿ ಎಂಟು ಬ್ಯಾಟರಿ ಇದೆ’ ಅಂದರೆ ಅವನು ಮನಸ್ಸಿನಲ್ಲೇ ಎಂಟರಿಂದ ಗುಣಿಸುತ್ತಿದ್ದ. ಕಿಲೋಮೀಟರಿಗೆ ಪೆಟ್ರೋಲಿಗಿಂತ ಎಷ್ಟು ಅಗ್ಗ ಎಂದು ಸೇಲ್ಸ್ ಹುಡುಗ ಹೇಳಿದ್ದೆಲ್ಲ ಆ ಗುಣಾಕಾರದಲ್ಲಿ ಕರಗಿಹೋಗುತ್ತಿತ್ತು.

ಬ್ಯಾಂಕಿನವರೂ ಒಳಗೊಳಗೇ ಅದೇ ಲೆಕ್ಕ ಹಾಕುತ್ತಿದ್ದೆವು ಎಂಬುದನ್ನು ಮುಚ್ಚಿಡುವುದೇಕೆ? ಕಾರಿನ ಸಾಲ ಐದು ವರ್ಷದ್ದು, ಕಾರಿನ ಜೀವದ್ರವ್ಯವಾದ ಬ್ಯಾಟರಿಯ ಆಯುಸ್ಸು ಅದಕ್ಕಿಂತ ಕಡಿಮೆ. ಕಂತು ಕಟ್ಟದೆ ಬಿಟ್ಟರೆ ಗಾಡಿ ಜಪ್ತಿ ಮಾಡಿ ಮಾರಬೇಕು. ಮಾರಲು ಸೆಕೆಂಡ್ ಹ್ಯಾಂಡ್ ಬೆಲೆ ಹೇಳುವ ದಲ್ಲಾಳಿಯೇ ಇಲ್ಲ. ಮಾರುತಿಗೆ ಬೆಲೆ ಕೇಳಿದರೆ ಮಿನರ್ವ ಸರ್ಕಲ್ಲಿನ ಯಾವ ಬ್ರೋಕರಾದರೂ ಬಾನೆಟ್ ಎತ್ತದೆ ಹೇಳುತ್ತಿದ್ದ, ಇದಕ್ಕೆ ತಲೆ ಅಲ್ಲಾಡಿಸುತ್ತಿದ್ದ. ಹಾಗಾಗಿ ಮೇಲಿನ ಕಚೇರಿಯಿಂದ ಮಾರ್ಜಿನ್ ಜಾಸ್ತಿ ಕೇಳಿ ಎಂಬ ಸೂಚನೆ. ಸ್ವಂತದ ಹಣ ಇಷ್ಟು ಹಾಕಬೇಕು ಎಂದಾಗಲೇ ಎದ್ದುಹೋದವರು ಉಂಟು. ಹಿಂದೆ ಸರಿದವರ ಪಟ್ಟಿಯಲ್ಲಿ ಬ್ಯಾಂಕಿನ ಹೆಸರನ್ನೂ ಬರೆಯಬೇಕು.

ಎಲ್ಲ ದೇಶ ಸೇರಿ ಹತ್ತು ವರ್ಷಕ್ಕೆ ಮಾರಾಟವಾದ ರೇವಾ ನಾಲ್ಕು ಸಾವಿರದ ಚಿಲ್ಲರೆ. 2010ರ ಮೇ ತಿಂಗಳಲ್ಲಿ ಮಹೀಂದ್ರಾ ಕಂಪನಿ ಶೇ. 55ರಷ್ಟು ಪಾಲು ಕೊಂಡಿತು. ಆ ವರ್ಷದ ಕೊನೆಗೆ ಕೇಂದ್ರ ಸರ್ಕಾರ ವಿದ್ಯುತ್ ವಾಹನಕ್ಕೆ ಸಬ್ಸಿಡಿ ಘೋಷಿಸಿತು, 2012ರ ಮಾರ್ಚಿಗೆ ನಿಲ್ಲಿಸಿತು. ಮತ್ತೆ ‘ಫೇಮ್’ ಹೆಸರಲ್ಲಿ ಬಂದದ್ದು 2015ರ ಏಪ್ರಿಲ್‌ಗೆ. ನಡುವಿನ ಮೂರು ವರ್ಷದ ಖಾಲಿಯಲ್ಲಿ, 2013ರ ಮಾರ್ಚಿನಲ್ಲಿ, ರೇವಾದ ತಮ್ಮನಂತೆ ಇ2ಒ ಬಂತು. ಲಿಥಿಯಂ ಬ್ಯಾಟರಿ, ನೂರು ಕಿಲೋಮೀಟರ್ ಓಟ, ನಾಲ್ಕು ಜನ ದೊಡ್ಡವರು ಕೂರುವಷ್ಟು ಜಾಗ. ಆಗ ಹುಟ್ಟಿದ ಹಿಂಜರಿಕೆ ಹೊಸ ನಮೂನೆಯದು: ಸಬ್ಸಿಡಿ ಇವತ್ತೋ ನಾಳೆಯೋ ಬರುತ್ತಂತೆ, ತಡೆಯೋಣ. ಇವತ್ತು ಕೊಂಡವನು ಪೆದ್ದ ಎಂಬ ಭಾವನೆಯನ್ನು ಸರ್ಕಾರವೇ ಬಿತ್ತಿತು. 2019ರಲ್ಲೂ ಅದನ್ನೇ ಕಂಡೆ. ಆಗಸ್ಟ್ ಒಂದರಿಂದ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯುತ್ತದೆ ಎಂದು ಗೊತ್ತಾದ ಮೇಲೆ ಜುಲೈ ಕೊನೆಯ ವಾರ ಗಾಡಿ ಬಿಡಿಸಿಕೊಳ್ಳುವವನು ಯಾರು?

ಇ2ಒ ಕಾಲದಲ್ಲಿ ನಿಜಕ್ಕೂ ನನ್ನ ತಲೆ ತಿಂದದ್ದು 2014ರ ಬಾಡಿಗೆ ಯೋಜನೆ. ಕಾರು ಮಾತ್ರ ನಿಮ್ಮದು, ಬ್ಯಾಟರಿಗೆ ತಿಂಗಳ ಬಾಡಿಗೆ, ಹಾಗಾಗಿ ಕಾರಿನ ಬೆಲೆ ಇಳಿಯುತ್ತದೆ. ಯುಪಿಎಸ್ ಗುಣಾಕಾರಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ ಅಂದುಕೊಂಡೆ. ಆದರೆ ಹೈಪಾಥಿಕೇಶನ್ ಪತ್ರದಲ್ಲಿ ಏನು ಬರೆಯುವುದು? ಬ್ಯಾಟರಿ ಇಲ್ಲದ ಕಾರನ್ನು ಅಡವಿಟ್ಟುಕೊಂಡ ಬ್ಯಾಂಕು ಅದನ್ನು ಜಪ್ತಿ ಮಾಡಿ ಎಲ್ಲಿಗೆ ತಳ್ಳಿಕೊಂಡು ಹೋಗಬೇಕು? ಗಿರಾಕಿಗೂ ಅದು ಹಿಡಿಸಲಿಲ್ಲ. ಸಾಲದ ಕಂತು, ಬ್ಯಾಟರಿ ಬಾಡಿಗೆ, ಮೇಲೆ ಕರೆಂಟ್ ಬಿಲ್ಲು. ‘ಮನೆ ಬಾಡಿಗೆ ತಪ್ಪಿಸ್ಕೊಳ್ಳೋಕೆ ಫ್ಲ್ಯಾಟ್ ತಗೊಂಡೆ, ಈಗ ಕಾರಿಗೆ ಬಾಡಿಗೆ ಕಟ್ಲಾ?’ ಎಂದು ಒಬ್ಬರು ಫಾರ್ಮನ್ನು ಅಲ್ಲೇ ಬಿಟ್ಟು ಹೋದರು. ಇ2ಒ 2019ರ ಹೊತ್ತಿಗೆ ನಿಂತಿತು.

ನಾನು ನಿವೃತ್ತನಾದ 2020ರ ಜನವರಿಯಲ್ಲಿ ಟಾಟಾ ನೆಕ್ಸಾನ್ ಇವಿ ಬಂತು. ಬೆಲೆ 14 ಲಕ್ಷದಿಂದ ಶುರು, ಕಾಗದದ ಮೇಲೆ 312 ಕಿಲೋಮೀಟರ್. ಮಾವನವರ ಪ್ರಶ್ನೆಗೆ ಹೆಚ್ಚುಕಡಿಮೆ ಉತ್ತರ ಸಿಕ್ಕಂತಾಯಿತು. ವಿದ್ಯುತ್ ವಾಹನದ ಸಾಲದ ಬಡ್ಡಿಗೆ ಒಂದೂವರೆ ಲಕ್ಷದವರೆಗೆ ತೆರಿಗೆ ವಿನಾಯಿತಿಯೂ ಇತ್ತು. 2023ರ ಮಾರ್ಚಿನೊಳಗೆ ಮಂಜೂರಾದ ಸಾಲಕ್ಕೆ ಮಾತ್ರ. ಅದನ್ನು ನಂಬಿಯೇ ನನ್ನ ಅಕ್ಕನ ಮಗ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿದ್ದುಕೊಂಡು ಒಂದು ಇವಿ ಬುಕ್ ಮಾಡಿದ. ಹಾಸನದ ದಾರಿಯಲ್ಲಿ ಹೋಟೆಲುಗಳ ಮುಂದೆ ಚಾರ್ಜರ್ ನಿಂತಿವೆ, ಧರ್ಮಸ್ಥಳಕ್ಕೆ ಹೋಗಿಬರುವುದು ಈಗ ಕಷ್ಟವಲ್ಲ ಎಂದು ಮೊಬೈಲಿನಲ್ಲಿ ನಕ್ಷೆ ತೆಗೆದು ನನಗೆ ತೋರಿಸಿದ. ಅವನು ತೊಡರಿಕೊಂಡದ್ದು ಸ್ವಂತ ಕಟ್ಟಡದ ಬೇಸ್‌ಮೆಂಟಿನಲ್ಲಿ. ಪಾರ್ಕಿಂಗ್ ಜಾಗ ಅವನದು, ಗೋಡೆ ಅಸೋಸಿಯೇಶನ್ನಿನದು. ಮೀಟರಿನಿಂದ ಅವನ ಜಾಗಕ್ಕೆ ಕೇಬಲ್ ಎಳೆಯಲು ಎನ್‌ಒಸಿ ಬೇಕು. ಅದು 2022, ಬೇಸಿಗೆಯಲ್ಲಿ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಸುದ್ದಿ ಎಲ್ಲ ಕಡೆ ಓಡಾಡುತ್ತಿತ್ತು. ಕಾರ್ಯದರ್ಶಿ ಕೈಯೆತ್ತಿಬಿಟ್ಟರು, ವಿಷಯವನ್ನು ವಾರ್ಷಿಕ ಸಭೆಯ ಮುಂದಿಡುತ್ತೇವೆ ಅಂದರು.

ಹುಡುಗ ಫೋನಿನಲ್ಲೇ ಬುಕಿಂಗ್ ರದ್ದು ಮಾಡಿದ, ಮುಂಗಡ ಖಾತೆಗೆ ವಾಪಸು ಬಂತು. ಸಭೆ ಆಗುವವರೆಗೆ ಹಳೆಯ ಪೆಟ್ರೋಲ್ ಕಾರನ್ನೇ ಓಡಿಸುತ್ತೇನೆ ಮಾವ ಅಂದ. ಸಭೆಗೆ ಕೋರಂ ಸಾಲದೆ ಮುಂದಕ್ಕೆ ಹೋಯಿತು.