ಸಾರಿಗೆ ಯೋಜನೆಗಳ ಆದ್ಯತಾ ನಿರ್ಣಯ (ಬಾಗಲಕೋಟೆ ಜಿಲ್ಲೆ)

ಸಾರಿಗೆ ಯೋಜನೆಗಳ ಆದ್ಯತಾ ನಿರ್ಣಯ ಎಂದರೆ ಒಂದು ಪ್ರದೇಶಕ್ಕೆ ಪ್ರಸ್ತಾವಿತವಾದ ರಸ್ತೆ, ಸೇತುವೆ, ರೈಲುಮಾರ್ಗ ಮೊದಲಾದ ಕಾಮಗಾರಿಗಳನ್ನು ನಿಶ್ಚಿತ ಮಾನದಂಡಗಳಿಂದ ಅಳೆದು, ಅಂಕ ನೀಡಿ, ಲಭ್ಯವಿರುವ ಹಣದಲ್ಲಿ ಯಾವುದನ್ನು ಮೊದಲು ಕೈಗೊಳ್ಳಬೇಕೆಂದು ತೀರ್ಮಾನಿಸುವ ಕ್ರಮ. ಬೇಡಿಕೆಗಳು ಯಾವಾಗಲೂ ಹಣಕ್ಕಿಂತ ಹೆಚ್ಚಾಗಿರುವುದರಿಂದ ಈ ಕ್ರಮ ಅನಿವಾರ್ಯ. ಅಂಕ ನೀಡುವ ವಿಧಾನ ಬದಲಾದಂತೆ ಪಟ್ಟಿಯ ಕ್ರಮವೂ ಬದಲಾಗುತ್ತದೆ. ಆದ್ದರಿಂದ ಯಾವ ಊರಿಗೆ ಸೇತುವೆ ಮೊದಲು ಬರುತ್ತದೆ, ಯಾವುದು ಕಾಯಬೇಕಾಗುತ್ತದೆ ಎಂಬುದು ಬಹುಮಟ್ಟಿಗೆ ಮಾನದಂಡಗಳ ಆಯ್ಕೆಯಲ್ಲಿಯೇ ನಿರ್ಧಾರವಾಗುತ್ತದೆ. ಕರ್ನಾಟಕದ ಬಾಗಲಕೋಟೆ ಜಿಲ್ಲೆಯ ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಪ್ರದೇಶವು ಈ ವಿಷಯದ ಅಧ್ಯಯನಕ್ಕೆ ಉತ್ತಮ ನಿದರ್ಶನ.

ಹಿನ್ನೆಲೆ

ಬಾಗಲಕೋಟೆ ಜಿಲ್ಲೆಯು 1997ರಲ್ಲಿ ಅಂದಿನ ಬಿಜಾಪುರ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಕೃಷ್ಣಾ, ಘಟಪ್ರಭಾ ಮತ್ತು ಮಲಪ್ರಭಾ ನದಿಗಳು ಇಲ್ಲಿ ಹರಿಯುತ್ತವೆ. ಇಲ್ಲಿನ ಮೊದಲ ರೈಲುಮಾರ್ಗವಾದ ಗದಗ–ಹೋಟಗಿ ಮಾರ್ಗವನ್ನು 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ನಿರ್ಮಿಸಿತು. 1876–78ರ ಭೀಕರ ಬರಗಾಲದ ಅನುಭವದಿಂದ, ಕ್ಷಾಮಕಾಲದಲ್ಲಿ ಧಾನ್ಯ ಸಾಗಿಸಲು ಅನುಕೂಲವಾಗಲೆಂಬುದು ಆ ಕಂಪನಿಯ ಮಾರ್ಗಗಳ ಹಿಂದಿನ ಮುಖ್ಯ ಉದ್ದೇಶಗಳಲ್ಲೊಂದಾಗಿತ್ತು. ಅಂದರೆ ಲಾಭವನ್ನಷ್ಟೇ ನೋಡದೆ ಅಪಾಯ ನಿವಾರಣೆಯನ್ನೂ ಮಾನದಂಡವಾಗಿ ಪರಿಗಣಿಸುವ ಪದ್ಧತಿ ಈ ಪ್ರದೇಶಕ್ಕೆ ಹೊಸದಲ್ಲ.

ಬಾಗಲಕೋಟೆ ಮತ್ತು ಬಾದಾಮಿ ಈ ಮಾರ್ಗದಲ್ಲಿವೆ. ಬಾದಾಮಿ ನಿಲ್ದಾಣವು ಪಟ್ಟಣದಿಂದ ಸುಮಾರು 5 ಕಿ.ಮೀ. ದೂರದಲ್ಲಿದೆ. ಹುನಗುಂದ ಮತ್ತು ಇಳಕಲ್ ಪಟ್ಟಣಗಳಿಗೆ ರೈಲುಸಂಪರ್ಕವಿಲ್ಲ. ಅವು ವಿಜಯಪುರ–ಹೊಸಪೇಟೆ ನಡುವಣ ರಾಷ್ಟ್ರೀಯ ಹೆದ್ದಾರಿ 50ನ್ನು ಅವಲಂಬಿಸಿವೆ. ಹುನಗುಂದದಿಂದ ಹೊಸಪೇಟೆಯವರೆಗೆ ಈ ಹೆದ್ದಾರಿ ಚತುಷ್ಪಥವಾಗಿದೆ.

ಪ್ರಚಲಿತ ವಿಧಾನಗಳು

ಒಂದೇ ಜಿಲ್ಲೆಯ ಯೋಜನೆಗಳನ್ನು ಬೇರೆ ಬೇರೆ ಸಂಸ್ಥೆಗಳು ಬೇರೆ ಬೇರೆ ಅಳತೆಗೋಲುಗಳಿಂದ ಅಳೆಯುತ್ತವೆ.

ರೈಲ್ವೆ: ಹೂಡಿದ ಹಣಕ್ಕೆ ದೊರೆಯುವ ಪ್ರತಿಫಲದ ದರವೇ ಮುಖ್ಯ ಮಾನದಂಡ. ಬಹುಕಾಲ ಶೇ. 14ರಷ್ಟು ಪ್ರತಿಫಲವನ್ನು ಕನಿಷ್ಠವೆಂದು ಪರಿಗಣಿಸಲಾಗುತ್ತಿತ್ತು. ಹಿಂದುಳಿದ ಪ್ರದೇಶಗಳ ಹೊಸ ಮಾರ್ಗಗಳು ಈ ಮಿತಿಯನ್ನು ಮುಟ್ಟುವುದು ಅಪರೂಪ. ಇಂತಹ ಸಂದರ್ಭಗಳಲ್ಲಿ ರಾಜ್ಯ ಸರ್ಕಾರ ವೆಚ್ಚದ ಪಾಲು ಹೊತ್ತರೆ ಯೋಜನೆಗೆ ಬಲ ಬರುತ್ತದೆ. 2010–11ರಲ್ಲಿ ಮಂಜೂರಾದ 142 ಕಿ.ಮೀ. ಉದ್ದದ ಬಾಗಲಕೋಟೆ–ಕುಡಚಿ ಮಾರ್ಗಕ್ಕೆ ಕರ್ನಾಟಕ ಸರ್ಕಾರವು ಅರ್ಧ ವೆಚ್ಚವನ್ನು ಮತ್ತು ಭೂಮಿಯನ್ನು ಒದಗಿಸಲು ಒಪ್ಪಿತು. ಆದರೂ ಮೊದಲಿಗೆ ಬಾಗಲಕೋಟೆಯಿಂದ ಖಜ್ಜಿಡೋಣಿಯವರೆಗಿನ ಭಾಗ ಮಾತ್ರ ಪೂರ್ಣಗೊಂಡು, ಉಳಿದ ಭಾಗ ದೀರ್ಘಕಾಲ ಕಾಯಬೇಕಾಯಿತು. ಮಂಜೂರಾತಿಯೇ ಪೂರ್ಣತೆಯಲ್ಲ ಎಂಬುದಕ್ಕೆ ಇದು ಉದಾಹರಣೆ.

ಹೆದ್ದಾರಿ: ವಾಹನಗಣತಿ, ಪ್ರಯಾಣದ ಸಮಯ ಮತ್ತು ವಾಹನ ನಿರ್ವಹಣಾ ವೆಚ್ಚದಲ್ಲಿ ಆಗುವ ಉಳಿತಾಯವನ್ನು ನಿರ್ಮಾಣ ವೆಚ್ಚದೊಂದಿಗೆ ಹೋಲಿಸಲಾಗುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ ಇದಕ್ಕಾಗಿ ಆರ್ಥಿಕ ಮೌಲ್ಯಮಾಪನದ ಕೈಪಿಡಿಯನ್ನು ಪ್ರಕಟಿಸಿದೆ.

ಗ್ರಾಮೀಣ ರಸ್ತೆ: 2000ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯು ಮೊದಲಿಗೆ ಜನಸಂಖ್ಯೆಯನ್ನು ಆಧಾರವಾಗಿಟ್ಟುಕೊಂಡಿತು. ಬಯಲು ಪ್ರದೇಶದಲ್ಲಿ 500 ಮತ್ತು ಅದಕ್ಕಿಂತ ಹೆಚ್ಚು ಜನರಿರುವ, ಸಂಪರ್ಕವಿಲ್ಲದ ಜನವಸತಿಗಳು ಅರ್ಹವಾಗಿದ್ದವು. 2019ರಲ್ಲಿ ಅನುಮೋದನೆಗೊಂಡ ಮೂರನೆಯ ಹಂತದಲ್ಲಿ ಜನಸಂಖ್ಯೆಯೊಂದಿಗೆ ಮಾರುಕಟ್ಟೆ, ಶಾಲೆ ಮತ್ತು ಆಸ್ಪತ್ರೆಗಳ ಸಂಪರ್ಕಕ್ಕೂ ಮಹತ್ವ ದೊರೆಯಿತು.

ಪ್ರಾದೇಶಿಕ ಅಸಮತೋಲನದ ಮಾನದಂಡ

ಡಾ. ಡಿ. ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿಯು 2002ರಲ್ಲಿ ತನ್ನ ವರದಿಯನ್ನು ಸಲ್ಲಿಸಿತು. ಅದು 35 ಸೂಚಕಗಳನ್ನು ಬಳಸಿ ಅಂದಿನ 175 ತಾಲ್ಲೂಕುಗಳನ್ನು ಅಳೆದು, 114 ತಾಲ್ಲೂಕುಗಳನ್ನು ಹಿಂದುಳಿದ, ಅತಿ ಹಿಂದುಳಿದ ಮತ್ತು ಅತ್ಯಂತ ಹಿಂದುಳಿದ ತಾಲ್ಲೂಕುಗಳೆಂದು ವಿಂಗಡಿಸಿತು. ತಾಲ್ಲೂಕನ್ನು ಘಟಕವಾಗಿಟ್ಟುಕೊಂಡು ಅಂಕಗಳ ಮೂಲಕ ಹಣ ಹಂಚಿಕೆಗೆ ದಾರಿ ತೋರಿದ್ದು ಈ ವರದಿಯ ವೈಶಿಷ್ಟ್ಯ. ಇದೇ ಪ್ರಶ್ನೆಯ ಮರುಪರಿಶೀಲನೆಗೆ 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ನೇಮಕವಾಯಿತು. ನಂಜುಂಡಪ್ಪ ವರದಿಯ ಕಾಲದಲ್ಲಿ ಇಳಕಲ್ ಪ್ರತ್ಯೇಕ ತಾಲ್ಲೂಕಾಗಿರದೆ ಹುನಗುಂದದ ಭಾಗವಾಗಿತ್ತು. ತಾಲ್ಲೂಕಿನ ಸರಾಸರಿಯಲ್ಲಿ ಅದರೊಳಗಿನ ಅಂತರ ಮರೆಯಾಗುವುದು ಇಂತಹ ಸೂಚ್ಯಂಕಗಳ ಸಾಮಾನ್ಯ ಮಿತಿ.

ಸ್ಥಳೀಯ ಸಮಸ್ಯೆಗಳು

1. ಪ್ರವಾಹ ಮತ್ತು ಹಿನ್ನೀರು. 2009 ಮತ್ತು 2019ರ ಪ್ರವಾಹಗಳು ಜಿಲ್ಲೆಯ ನದಿತೀರದ ಗ್ರಾಮಗಳನ್ನು ಬಾಧಿಸಿದವು. 2019ರಲ್ಲಿ ವಿಶ್ವಪರಂಪರೆಯ ತಾಣವಾದ ಪಟ್ಟದಕಲ್ಲಿನ ದೇವಾಲಯ ಸಮುಚ್ಚಯಕ್ಕೂ ಮಲಪ್ರಭೆಯ ನೀರು ನುಗ್ಗಿತು. ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀ.ನಿಂದ 524.256 ಮೀ.ಗೆ ಏರಿಸಿದರೆ ಇನ್ನಷ್ಟು ರಸ್ತೆ, ಸೇತುವೆಗಳು ಹಿನ್ನೀರಿನ ವ್ಯಾಪ್ತಿಗೆ ಬರುತ್ತವೆ. ದಿನನಿತ್ಯ ಕಡಿಮೆ ವಾಹನಗಳು ಓಡಾಡುವ ಸೇತುವೆಯೊಂದು ಪ್ರವಾಹದ ದಿನಗಳಲ್ಲಿ ಆಸ್ಪತ್ರೆಗೆ ಇರುವ ಏಕೈಕ ದಾರಿಯಾಗಿರಬಹುದು. ವಾಹನಗಣತಿ ಇದನ್ನು ತೋರಿಸುವುದಿಲ್ಲ.

2. ಭಾರದ ಸಂಚಾರ. ಇಳಕಲ್ ಸೀರೆಗಷ್ಟೇ ಅಲ್ಲದೆ ಕೆಂಪು ಗ್ರಾನೈಟ್ ಶಿಲೆಗೂ ಪ್ರಸಿದ್ಧ. ಶಿಲಾಖಂಡಗಳನ್ನು ಹೊತ್ತ ಲಾರಿಯು ರಸ್ತೆಗೆ ಮಾಡುವ ಹಾನಿ ಹಗುರ ವಾಹನದ ಹಾನಿಗಿಂತ ಎಷ್ಟೋ ಪಟ್ಟು ಹೆಚ್ಚು. ವಾಹನಗಳ ಸಂಖ್ಯೆಯೊಂದಿಗೆ ಅಚ್ಚುಭಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

3. ಆಡಳಿತದ ಗಡಿ. ಇಳಕಲ್‌ಗೆ ನೆರೆಯಾದ ಕುಷ್ಟಗಿಯು ಕೊಪ್ಪಳ ಜಿಲ್ಲೆಗೆ ಸೇರಿದ್ದು, ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕದ ವಿಶೇಷ ಅನುದಾನ ಪಡೆಯುತ್ತದೆ. ಬಾಗಲಕೋಟೆ ಜಿಲ್ಲೆ ಆ ವ್ಯಾಪ್ತಿಗೆ ಬರುವುದಿಲ್ಲ. ಗಡಿ ದಾಟುವ ಒಂದೇ ರಸ್ತೆಯ ಎರಡು ತುದಿಗಳು ಬೇರೆ ಬೇರೆ ಪಟ್ಟಿಗಳಲ್ಲಿ ಸ್ಪರ್ಧಿಸುತ್ತವೆ.

4. ಋತುಮಾನದ ಸಂಚಾರ. ಬಾದಾಮಿ, ಐಹೊಳೆ, ಪಟ್ಟದಕಲ್ಲು ಮತ್ತು ಕೂಡಲಸಂಗಮಗಳಿಗೆ ರಜೆ ಹಾಗೂ ಜಾತ್ರೆಯ ದಿನಗಳಲ್ಲಿ ಜನಸಂದಣಿ ಹೆಚ್ಚುತ್ತದೆ. ಕೆಲವೇ ದಿನಗಳ ಗಣತಿಯಿಂದ ವರ್ಷದ ಸರಾಸರಿ ಕಟ್ಟಿದರೆ ತಪ್ಪು ಚಿತ್ರ ದೊರೆಯಬಹುದು.

ಸುಧಾರಣೆಯ ಕ್ರಮಗಳು

ಅಮೆರಿಕದ ವರ್ಜೀನಿಯಾ ರಾಜ್ಯವು 2014ರ ಕಾನೂನಿನ ಮೂಲಕ ಅಂಕಾಧಾರಿತ ಆಯ್ಕೆಯನ್ನು ಜಾರಿಗೆ ತಂದಿತು. ಅಲ್ಲಿ ಸುರಕ್ಷತೆ, ದಟ್ಟಣೆ, ಸಂಪರ್ಕ, ಆರ್ಥಿಕ ಬೆಳವಣಿಗೆ, ಪರಿಸರ ಮುಂತಾದವುಗಳಿಗೆ ಅಂಕವಿದೆ. ನಗರ ಮತ್ತು ಗ್ರಾಮೀಣ ಪ್ರದೇಶಗಳಿಗೆ ಈ ಅಂಶಗಳ ತೂಕ ಬೇರೆ ಬೇರೆ. ಒಟ್ಟು ಅಂಕವನ್ನು ಕೋರಿದ ಹಣದಿಂದ ಭಾಗಿಸಿ ಕ್ರಮಾಂಕ ನೀಡಲಾಗುತ್ತದೆ ಮತ್ತು ಫಲಿತಾಂಶವನ್ನು ಪ್ರಕಟಿಸಲಾಗುತ್ತದೆ.

ವೆಚ್ಚದಿಂದ ಭಾಗಿಸುವುದರ ಮಹತ್ವವನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತಿಳಿಯಬಹುದು. 10 ಕೋಟಿ ರೂ. ವೆಚ್ಚದ ರಸ್ತೆಗೆ 80 ಅಂಕ, 2 ಕೋಟಿ ರೂ. ವೆಚ್ಚದ ಸೇತುವೆಗೆ 40 ಅಂಕ ಬಂದಿವೆಯೆಂದುಕೊಳ್ಳೋಣ. ಒಟ್ಟು ಅಂಕವನ್ನಷ್ಟೇ ನೋಡಿದರೆ ರಸ್ತೆ ಮುಂದಿದೆ. ಪ್ರತಿ ಕೋಟಿಗೆ ಲೆಕ್ಕ ಹಾಕಿದರೆ ರಸ್ತೆಗೆ 8, ಸೇತುವೆಗೆ 20 ಅಂಕ ಬರುತ್ತವೆ. ಅದೇ 10 ಕೋಟಿಯಲ್ಲಿ ಇಂತಹ ಐದು ಸೇತುವೆಗಳನ್ನು ಕಟ್ಟಿದರೆ 200 ಅಂಕಗಳ ಪ್ರಯೋಜನ ದೊರೆಯುತ್ತದೆ.

ಯೋಜನಾ ತಜ್ಞರು ಸಾಮಾನ್ಯವಾಗಿ ಪಾಲಿಸುವ ಇತರ ನಿಯಮಗಳು ಹೀಗಿವೆ:

ಅರ್ಜಿಗಳನ್ನು ನೋಡುವ ಮೊದಲೇ ಮಾನದಂಡ ಮತ್ತು ತೂಕಗಳನ್ನು ನಿಗದಿಪಡಿಸಿ ಪ್ರಕಟಿಸಬೇಕು.

ಒಂದೇ ಪ್ರಯೋಜನವನ್ನು ಎರಡು ಹೆಸರಿನಲ್ಲಿ ಎರಡು ಬಾರಿ ಎಣಿಸಬಾರದು. ಉದಾಹರಣೆಗೆ, ಸಮಯದ ಉಳಿತಾಯ ಮತ್ತು ಅದರಿಂದ ಏರುವ ಜಮೀನಿನ ಬೆಲೆ ಎರಡಕ್ಕೂ ಅಂಕ ನೀಡುವುದು ತಪ್ಪು.

ಈಗಿರುವ ಸಂಚಾರದೊಂದಿಗೆ, ದಾರಿಯಿಲ್ಲದ ಕಾರಣ ನಡೆಯದೆ ಉಳಿದ ಸಂಚಾರವನ್ನೂ ಅಂದಾಜಿಸಬೇಕು.

ತೂಕಗಳನ್ನು ಸ್ವಲ್ಪ ಬದಲಿಸಿ ಪಟ್ಟಿಯನ್ನು ಮತ್ತೆ ಪರೀಕ್ಷಿಸಬೇಕು. ಆಗಲೂ ಮೇಲಿರುವ ಯೋಜನೆಗಳ ಬಗ್ಗೆ ಹೆಚ್ಚು ಭರವಸೆ ಇಡಬಹುದು.

ಆರಂಭವಾದ ಕಾಮಗಾರಿಗಳನ್ನು ಮುಗಿಸಲು ಬೇಕಾದ ಹಣವನ್ನು ಹೊಸ ಮಂಜೂರಾತಿಗೆ ಮುನ್ನ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕಾಮಗಾರಿ ಮುಗಿದ ಮೇಲೆ ನಿರೀಕ್ಷಿತ ಪ್ರಯೋಜನವನ್ನು ನಿಜವಾದ ಪ್ರಯೋಜನದೊಂದಿಗೆ ಹೋಲಿಸಬೇಕು.

ಸಂವಿಧಾನದ 243ಝಡ್‌ಡಿ ವಿಧಿಯಂತೆ ರಚನೆಯಾಗುವ ಜಿಲ್ಲಾ ಯೋಜನಾ ಸಮಿತಿಯು ಪಂಚಾಯಿತಿಗಳ ಮತ್ತು ಪೌರಸಂಸ್ಥೆಗಳ ಯೋಜನೆಗಳನ್ನು ಒಗ್ಗೂಡಿಸಬೇಕು. ವಿವಿಧ ಇಲಾಖೆಗಳ ಸಾರಿಗೆ ಪ್ರಸ್ತಾವಗಳನ್ನು ಒಂದೇ ಪಟ್ಟಿಯಲ್ಲಿ ಹೋಲಿಸಲು ಇದು ಸೂಕ್ತ ವೇದಿಕೆ.

ಮಿತಿಗಳು

ಅಂಕಪಟ್ಟಿಯು ತೀರ್ಮಾನಕ್ಕೆ ಸಾಧನವೇ ಹೊರತು ತೀರ್ಮಾನವಲ್ಲ. ಸುರಕ್ಷತೆಗೆ ಎಷ್ಟು ತೂಕ, ವ್ಯಾಪಾರಕ್ಕೆ ಎಷ್ಟು ತೂಕ ಎಂಬುದು ಮೌಲ್ಯದ ಪ್ರಶ್ನೆ. ಅದಕ್ಕೆ ಗಣಿತದಲ್ಲಿ ಉತ್ತರವಿಲ್ಲ, ಚುನಾಯಿತ ಪ್ರತಿನಿಧಿಗಳೇ ಉತ್ತರಿಸಬೇಕು. ಆದರೆ ಪಟ್ಟಿ ಪ್ರಕಟವಾಗಿದ್ದರೆ, ಕೆಳಗಿನ ಯೋಜನೆಯನ್ನು ಮೇಲಕ್ಕೆ ತಂದಾಗ ಅದರ ಕಾರಣವನ್ನು ಕೇಳುವ ಅವಕಾಶ ಕಾಯುತ್ತಿರುವ ಗ್ರಾಮದ ಜನರಿಗೂ ದೊರೆಯುತ್ತದೆ.