ಹಗೇವು ಮತ್ತು ಚೀಟಿ

ಕನಕದಾಸರ ‘ರಾಮಧಾನ್ಯಚರಿತೆ’ಯನ್ನು ಓದದವರಿಗೂ ಅದರ ಕಥೆ ತಿಳಿದಿರುತ್ತದೆ. ಧಾನ್ಯಗಳಲ್ಲಿ ಯಾರು ಶ್ರೇಷ್ಠರೆಂಬ ಮಾತು ಬಂದಾಗ ನರೆದಲಗನಿಗೂ ವ್ರೀಹಿಗೂ, ಎಂದರೆ ರಾಗಿಗೂ ಬತ್ತಕ್ಕೂ, ವಾದ ಬೆಳೆಯುತ್ತದೆ. ಶ್ರೀರಾಮಚಂದ್ರ ಕೂಡಲೇ ತೀರ್ಪು ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ಅವಧಿ ಮುಗಿದಾಗ ಬತ್ತ ಸೊರಗಿರುತ್ತದೆ. ರಾಗಿ ಹೋದ ಹಾಗೆಯೇ ಹಿಂದಿರುಗುತ್ತದೆ. ರಾಘವನ ಹೆಸರು ಅದಕ್ಕೆ ಸಲ್ಲುತ್ತದೆ. ಈ ಕಾವ್ಯದಲ್ಲಿ ಕುಲದ ಹಿರಿಮೆಯ ಟೀಕೆಯನ್ನು ವಿಮರ್ಶಕರು ಗುರುತಿಸಿದ್ದಾರೆ, ಅದು ಸರಿಯೇ. ಆದರೆ ರಾಮನು ಒಡ್ಡಿದ ಪರೀಕ್ಷೆ ಎಂಥದೆಂಬುದನ್ನೂ ನಾವು ನೋಡಬೇಕು. ರುಚಿ, ಬಣ್ಣ, ಬೆಲೆ ಯಾವುದನ್ನೂ ಅವನು ಕೇಳಲಿಲ್ಲ. ಕೂಡಿಟ್ಟರೆ ಕೆಡದೆ ಉಳಿಯುವುದು ಯಾವುದೆಂದು ಮಾತ್ರ ಕೇಳಿದ. ಮಳೆಯನ್ನು ನಂಬಿ ಬದುಕುವ ನಾಡಿನ ಸಂಸಾರಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇನ್ನೊಂದಿಲ್ಲ.

ಹೀಗೆ ಕೂಡಿಡುವುದಕ್ಕೆ ನಮ್ಮವರು ಕಂಡುಕೊಂಡ ಸಾಧನಗಳು ಹಲವು. ಮಲೆನಾಡಿನಲ್ಲಿ ಪಣತ, ಕರಾವಳಿಯಲ್ಲಿ ಹುಲ್ಲಿನಿಂದ ಬಿಗಿದು ಕಟ್ಟಿದ ಅಕ್ಕಿಮುಡಿ, ಬಯಲುಸೀಮೆಯಲ್ಲಿ ಬಿದಿರಿನ ಕಣಜ, ಮಣ್ಣಿನ ವಾಡೆ. ಇವೆಲ್ಲವುಗಳಿಗಿಂತ ಸೋಜಿಗವಾದುದು ಹಗೇವು. ಧಾರವಾಡ, ವಿಜಯಪುರದ ಕಡೆ ಅದರಲ್ಲಿ ಜೋಳ ತುಂಬುತ್ತಿದ್ದರು. ಹಳೆಯ ಮೈಸೂರು ಸೀಮೆಯಲ್ಲಿ ರಾಗಿ. ನೀರು ನಿಲ್ಲದ ಗಟ್ಟಿ ನೆಲವನ್ನು ನೋಡಿ, ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದಾದ ಬಾಯಿ ಬಿಟ್ಟು, ಒಳಗೆ ಹೊಟ್ಟೆಯಂತೆ ಅಗಲವಾಗಿ ಅಗೆಯುತ್ತಿದ್ದರು. ತಳಕ್ಕೂ ಗೋಡೆಗೂ ಒಣಹುಲ್ಲು ಒತ್ತಿ, ಕಾಳು ಸುರಿದು, ಬಾಯಿಗೆ ಚಪ್ಪಡಿ ಹಾಕಿ, ಮೇಲೆ ಮಣ್ಣು ಮೆತ್ತಿಬಿಟ್ಟರೆ ಮುಗಿಯಿತು.

ಇದರ ಮರ್ಮವನ್ನು ವಿಜ್ಞಾನ ಇಂದು ಸುಲಭವಾಗಿ ಬಿಡಿಸಿ ಹೇಳುತ್ತದೆ. ಮುಚ್ಚಿದ ಗುಂಡಿಯಲ್ಲಿ ಕಾಳೂ ಹುಳುವೂ ಉಸಿರಾಡಿ ಆಮ್ಲಜನಕವನ್ನು ಕಳೆಯುತ್ತವೆ. ಇಂಗಾಲದ ಡೈಆಕ್ಸೈಡು ತುಂಬಿಕೊಳ್ಳುತ್ತದೆ. ಹುಳು ತಾನಾಗಿ ಸಾಯುತ್ತದೆ. ನಮ್ಮ ರೈತರಿಗೆ ಆ ಹೆಸರುಗಳು ತಿಳಿಯದಿದ್ದರೂ ಅಪಾಯ ತಿಳಿದಿತ್ತು. ಬಾಯಿ ತೆರೆದ ಹಗೇವಿಗೆ ಒಮ್ಮೆಲೇ ಇಳಿದವನು ಮೇಲೆ ಬರದಿರಬಹುದು. ಆದ್ದರಿಂದ ಗಾಳಿಯಾಡಲು ಬಿಟ್ಟು, ದೀಪವನ್ನು ಇಳಿಬಿಟ್ಟು, ಅದು ನಂದದಿದ್ದರೆ ಮಾತ್ರ ಆಳನ್ನು ಇಳಿಸುತ್ತಿದ್ದರು. ಅನ್ನವನ್ನು ಕಾಯುವ ಗುಂಡಿ ಪ್ರಾಣವನ್ನೂ ತೆಗೆಯಬಲ್ಲದು ಎಂಬ ಈ ಮಾತನ್ನು ಮುಂದಿನ ಕಥೆಗಾಗಿ ನಾವು ನೆನಪಿನಲ್ಲಿಡೋಣ.

ಹಗೇವು ಕೇವಲ ಬರಗಾಲದ ಗಂಟಲ್ಲ; ಅದು ಗೃಹಸ್ಥನ ಉಳಿತಾಯದ ಸೂತ್ರವೂ ಹೌದು. ಸುಗ್ಗಿಯಲ್ಲಿ ಕಾಳು ಅಗ್ಗ. ಆಷಾಢ ಶ್ರಾವಣಗಳಲ್ಲಿ, ಹಳೆಯದು ತೀರಿ ಹೊಸದು ಬಾರದ ಹೊತ್ತಿನಲ್ಲಿ, ಅದೇ ಕಾಳು ತುಟ್ಟಿ. ಸುಗ್ಗಿಯಲ್ಲಿ ಮಾರದೆ ಇಟ್ಟುಕೊಂಡವನು ಶ್ರಾವಣದಲ್ಲಿ ಕೊಳ್ಳಬೇಕಾಗಿರಲಿಲ್ಲ. ಈ ಎರಡು ಬೆಲೆಗಳ ನಡುವಣ ಅಂತರವೇ ಅವನ ಸಂಪಾದನೆ. ಪೇಟೆಯ ಸಂಸಾರಗಳು ಬೇಸಗೆಯಲ್ಲಿ ವರ್ಷದ ಹುಣಿಸೆಹಣ್ಣು, ಮೆಣಸಿನಕಾಯಿ, ಬೇಳೆಗಳನ್ನು ಕೊಂಡು ಬಿಸಿಲಿಗೆ ಹಾಕಿ ಡಬ್ಬಕ್ಕೆ ತುಂಬುತ್ತಿದ್ದುದೂ ಇದೇ ಸೂತ್ರದ ಚಿಕ್ಕ ರೂಪ.

ಆದರೆ ಹಗೇವು ಇದ್ದುದು ಯಾರಲ್ಲಿ? ಈ ಪ್ರಶ್ನೆಯನ್ನು ಕೇಳದೆ ಹಿಂದಿನದನ್ನು ಹೊಗಳುವುದು ನ್ಯಾಯವಾಗಲಾರದು. ಹೊಲವಿದ್ದವನಿಗೆ ಹಗೇವು, ಕೂಲಿಯವನಿಗೆ, ಮಗ್ಗದವನಿಗೆ ಅಂದಂದಿನ ಸೇರು. ಶ್ರಾವಣದಲ್ಲಿ ಇಲ್ಲದವನು ಇದ್ದವನ ಹಗೇವಿನಿಂದ ಕಾಳನ್ನು ಕಡ ತಂದು, ಸುಗ್ಗಿಯಲ್ಲಿ ಬಡ್ಡಿಯ ಕಾಳನ್ನೂ ಸೇರಿಸಿ ಅಳೆದುಕೊಡಬೇಕಾಗಿತ್ತು. ಒಬ್ಬನಿಗೆ ಉಳಿತಾಯವಾದ ಅದೇ ಗುಂಡಿ ಇನ್ನೊಬ್ಬನಿಗೆ ಸಾಲವಾಯಿತು.

ಇದರ ಘೋರವಾದ ನಿದರ್ಶನ 1876ರಿಂದ 1878ರ ವರೆಗಿನ ಮಹಾಕ್ಷಾಮ. ಧಾತು, ಈಶ್ವರ ಸಂವತ್ಸರಗಳ ಆ ಬರವನ್ನು ನಮ್ಮ ಹಿರಿಯರು ಸಂವತ್ಸರದ ಹೆಸರಿನಿಂದಲೇ ನೆನೆಯುತ್ತಿದ್ದರು. ಒಂದು ವರ್ಷದ ಬರವನ್ನು ಹಗೇವು ತಡೆಯಬಲ್ಲದು. ಮಳೆ ಮತ್ತೆ ಮತ್ತೆ ಕೈಕೊಟ್ಟರೆ ಅದರ ತಳವೂ ಕಾಣುತ್ತದೆ. ಮೊದಲು ಉಪವಾಸಕ್ಕೆ ಬಿದ್ದವರು ಹಗೇವಿಲ್ಲದ ಕೂಲಿಗಳು, ಕೈಕಸುಬಿನವರು. ಆಮೇಲೆ ಸಣ್ಣ ರೈತರು. ಮದರಾಸಿನ ರೈಲು 1864ರಲ್ಲೇ ಬೆಂಗಳೂರಿಗೆ ಬಂದಿತ್ತು. ಮೈಸೂರು ನಗರವನ್ನು ರೈಲು ಮುಟ್ಟಿದ್ದು ಬರ ಕಳೆದ ಮೇಲೆ, 1880ರ ದಶಕದಲ್ಲಿ. ಧಾನ್ಯವನ್ನು ಒಳನಾಡಿಗೆ ಒಯ್ಯಬೇಕಾದ ಎತ್ತುಗಳೇ ಮೇವಿಲ್ಲದೆ ಸಾಯುತ್ತಿದ್ದವು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮಿಕ್ಕಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದೊಳಗೆ ಇಳಿದಿತ್ತು. ಅಂಕಿಗಳು ಅಳುವುದಿಲ್ಲ, ಆದರೆ ಈ ಎರಡು ಅಂಕಿಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದವನು ಬಹಳ ಹೊತ್ತು ಮಾತನಾಡಲಾರ.

ಮುಂದೆ ಎರಡನೆಯ ಮಹಾಯುದ್ಧ ಬಂದಿತು. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಯ ಅಕ್ಕಿ ನಿಂತಿತು. 1943ರಲ್ಲಿ ಬಂಗಾಳ ಕ್ಷಾಮಕ್ಕೆ ತುತ್ತಾಯಿತು. ಅದೇ ವರ್ಷ ಆಹಾರಧಾನ್ಯ ನೀತಿ ಸಮಿತಿ ದೊಡ್ಡ ನಗರಗಳಿಗೆಲ್ಲ ಪಡಿತರ ಬರಬೇಕೆಂದು ಶಿಫಾರಸು ಮಾಡಿತು. ಹೀಗೆ ನಮ್ಮ ಅಡಿಗೆಮನೆಯನ್ನು ಒಂದು ಹೊಸ ವಸ್ತು ಪ್ರವೇಶಿಸಿತು: ಚೀಟಿ. ತಲೆಗೆ ಇಷ್ಟು ಅಕ್ಕಿ, ಇಷ್ಟು ಗೋಧಿ, ಇಷ್ಟು ಸಕ್ಕರೆ ಎಂಬ ಲೆಕ್ಕ. ಇತ್ತ ಹಳ್ಳಿಯಲ್ಲಿ ಲೆವಿ. ಬೆಳೆದವನು ಸರ್ಕಾರಕ್ಕೆ ಇಂತಿಷ್ಟು ಕಾಳು ಅಳೆಯಬೇಕು. ನಿನ್ನೆಯವರೆಗೆ ದೂರದೃಷ್ಟಿಯೆನಿಸಿಕೊಂಡಿದ್ದ ಕೂಡಿಡುವಿಕೆ ಈಗ ‘ಅಕ್ರಮ ದಾಸ್ತಾನು’ ಎಂಬ ಅಪರಾಧವಾಯಿತು. ಮಾಡುವ ಕೆಲಸ ಒಂದೇ. ಕಾಲ ಬದಲಾದಾಗ ಅದರ ಹೆಸರು ಬದಲಾಯಿತು. ಗಾಂಧೀಜಿಯವರ ಒತ್ತಾಸೆಯಿಂದ 1947ರ ಡಿಸೆಂಬರಿನಲ್ಲಿ ನಿಯಂತ್ರಣಗಳು ಸಡಿಲವಾದವು. ಬೆಲೆಗಳು ಏರಿದ್ದರಿಂದ 1948ರಲ್ಲಿ ಮತ್ತೆ ಬಂದವು. 1955ರ ಅಗತ್ಯ ವಸ್ತುಗಳ ಕಾಯಿದೆ, 1965ರ ಭಾರತ ಆಹಾರ ನಿಗಮ ಇವೆಲ್ಲ ಆ ದಾರಿಯಲ್ಲೇ ಬೆಳೆದವು. ಮನೆಯ ಮುಂದಿನ ಹಗೇವು ಹೋಗಿ ಸರ್ಕಾರದ ಉಗ್ರಾಣ ನಿಂತಿತು.

ನನ್ನ ಬಾಲ್ಯ ಆ ಚೀಟಿಯ ಕಾಲದ್ದು. ರೇಷನ್ ಅಂಗಡಿಯ ಮುಂದಿನ ಸಾಲಿನಲ್ಲಿ ಚೀಲ ಹಿಡಿದು ನಿಲ್ಲುವುದು ಮನೆಯ ಹುಡುಗರ ಕೆಲಸ. ಬಂದ ಸಕ್ಕರೆಯನ್ನು ನಮ್ಮ ತಾಯಿ ಎರಡು ಪಾಲು ಮಾಡುತ್ತಿದ್ದರು. ಒಂದು ಪಾಲು ತಿಂಗಳ ಖರ್ಚಿಗೆ. ಇನ್ನೊಂದು, ಅಟ್ಟದ ಮೇಲಿನ ಡಬ್ಬಕ್ಕೆ, ಗೌರಿಹಬ್ಬದ ಹೂರಣಕ್ಕೆಂದು. ಚೀಟಿ ಕೊಟ್ಟದ್ದರಲ್ಲೇ ಅವರು ಒಂದು ಪುಟ್ಟ ಹಗೇವನ್ನು ಮಾಡಿಕೊಂಡಿದ್ದರು. ಪಕ್ಕದ ಮನೆಯವರು ಒಂದು ಬಟ್ಟಲು ಕಡ ಕೇಳಲು ಬಂದರೆ ಅದೇ ಡಬ್ಬ ಕೆಳಗಿಳಿಯುತ್ತಿತ್ತು. ಅದಕ್ಕೆ ಬಡ್ಡಿಯಿರಲಿಲ್ಲ.

ಚೀಟಿಗೆ ಇನ್ನೊಂದು ವಂಶವೂ ಉಂಟು. ಅದು ಹುಟ್ಟಿದ್ದು ಅಮೆರಿಕೆಯಲ್ಲಿ. 1887ರಲ್ಲಿ ಅಟ್ಲಾಂಟಾ ನಗರದಲ್ಲಿ ಕೋಕಾ ಕೋಲಾ ಪಾನೀಯದ ಒಂದು ಲೋಟವನ್ನು ಬಿಟ್ಟಿಯಾಗಿ ಕೊಡುವ ಚೀಟಿಗಳನ್ನು ಹಂಚಿದರು. 1896ರಿಂದ ಸ್ಪೆರಿ ಅಂಡ್ ಹಚಿನ್‌ಸನ್ ಕಂಪನಿಯ ಹಸಿರು ಅಂಚೆಚೀಟಿಯಂಥ ಚೀಟಿಗಳು ಅಂಗಡಿಗಳಿಗೆ ಬಂದವು. ಕೊಂಡಷ್ಟೂ ಚೀಟಿ, ಪುಸ್ತಕ ತುಂಬಿದರೆ ಪಾತ್ರೆಯೋ ದೀಪವೋ ಬಹುಮಾನ. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಪತ್ರಿಕೆಗಳಿಂದ ಕತ್ತರಿಸಿದ ರಿಯಾಯಿತಿ ಕೂಪನ್ನುಗಳು ಅಲ್ಲಿಯ ಗೃಹಿಣಿಗೆ ನಿಜವಾಗಿಯೂ ನೆರವಾದವು. ಕೂಪನ್ ಎಂಬ ಮಾತೇ ಕತ್ತರಿಸು ಎಂಬರ್ಥದ ಫ್ರೆಂಚ್ ಧಾತುವಿನಿಂದ ಬಂದುದು. 2008ರ ಹಣಕಾಸಿನ ಬಿಕ್ಕಟ್ಟಿನ ನಂತರ ಇದು ಅಲ್ಲಿ ಒಂದು ವ್ರತದಂತಾಯಿತು. ಕೂಪನ್ನುಗಳನ್ನು ಕೂಡಿಸಿ, ಸಾಬೂನು, ಪೇಸ್ಟು, ಡಬ್ಬಿಯ ಆಹಾರಗಳನ್ನು ವರ್ಷಗಟ್ಟಲೆಗೆ ಸಾಲುವಷ್ಟು ಕೊಂಡು ನೆಲಮಾಳಿಗೆಯಲ್ಲಿ ಪೇರಿಸುವವರ ಸಾಹಸವನ್ನು 2010ರ ಹೊತ್ತಿಗೆ ದೂರದರ್ಶನದಲ್ಲಿ ಕಾರ್ಯಕ್ರಮವಾಗಿ ತೋರಿಸಿದರು. ನೆಲಮಾಳಿಗೆಯೂ ನೆಲದೊಳಗಿನದೇ, ಆದರೆ ಹಗೇವಿಗೂ ಅದಕ್ಕೂ ಎಷ್ಟು ದೂರ! ಹಗೇವಿನವನು ಕೊಳ್ಳದೆ ಉಳಿಸಿದ. ಕೂಪನ್ನಿನವನು ಉಳಿಸಬೇಕಾದರೆ ಮೊದಲು ಕೊಳ್ಳಬೇಕು.

ಈ ಮೂರು ವಿಧದ ಉಳಿತಾಯಗಳಲ್ಲಿ ಕೀಲಿಕೈ ಮೂರು ಕೈಗಳಲ್ಲಿದೆ. ಹಗೇವಿನ ಕೀಲಿ ಹೊಲವುಳ್ಳವನದು, ಕೂಪನ್ನಿನ ಕೀಲಿ ವರ್ತಕನದು, ಪಡಿತರದ ಕೀಲಿ ಸರ್ಕಾರದ್ದು. ಪಡಿತರದ ಸಾಲನ್ನು, ತೂಕದ ಮೋಸವನ್ನು, ಕಲ್ಲು ಬೆರೆತ ಅಕ್ಕಿಯನ್ನು ನಾವು ಬೇಕಾದಷ್ಟು ಬೈದಿದ್ದೇವೆ. ಬೈಯುವುದಕ್ಕೆ ಕಾರಣವೂ ಇತ್ತು. ಆದರೂ ಹೊಲವಿಲ್ಲದವನ ಹೆಸರು ಧಾನ್ಯದ ಲೆಕ್ಕದಲ್ಲಿ ಸಾಲಗಾರನಾಗಿ ಅಲ್ಲದೆ ಬರೆಯಲ್ಪಟ್ಟಿದ್ದು ಆ ಬಡ ಚೀಟಿಯಲ್ಲೇ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆ ಅದನ್ನು ಹಕ್ಕೆಂದು ಒಪ್ಪಿಕೊಂಡಿತು. ಧಾತು ಸಂವತ್ಸರದಲ್ಲಿ ಮಡಿದವರ ಕೈಯಲ್ಲಿ ಅಂಥದೊಂದು ಕಾಗದವಿರಲಿಲ್ಲ.

ಹಳೆಯ ಊರುಗಳಲ್ಲಿ ಮನೆ ಕಟ್ಟಲು ಪಾಯ ಅಗೆಯುವಾಗ ಇಂದಿಗೂ ಒಮ್ಮೊಮ್ಮೆ ನೆಲ ಕುಸಿದು ಹಗೇವು ಬಾಯಿ ಬಿಡುವುದುಂಟು. ಕಲ್ಲು ಮಣ್ಣು ತುಂಬಿ ಅದನ್ನು ಮುಚ್ಚಿಬಿಡುತ್ತಾರೆ. ಮುಚ್ಚುವ ಮೊದಲು ಒಂದು ಗಳಿಗೆ ನಿಂತು ನೋಡಬೇಕು. ರಾಮಧಾನ್ಯದ ಸೆರೆಮನೆ ಅದೇ. ಅಲ್ಲಿ ಪರೀಕ್ಷೆಗೆ ನಿಂತದ್ದು ರಾಗಿಯೊಂದೇ ಅಲ್ಲ, ಕೂಡಿಟ್ಟವನೂ ನಿಂತಿದ್ದ.

(ಬಾನುಲಿ ಭಾಷಣ)